ಡಿಸ್ಕ್‌ಗಾಗಿ ಮಂಗಳೂರಿಗೆ ಹೋಗಬೇಕಾ?

ಬದಿಯಡ್ಕದಿಂದ ಮಂಗಳೂರಿಗೆ ಹೋಗಿ ಗೇಮ್‌ನ ಡಿಸ್ಕ್ ತರಬೇಕಾ, ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲೇ ತಗೊಂಡರೆ ಸಾಕಾ ಅಂತ ಕೇಳಿದ್ದೀರಿ. ಪಿಸಿಗಾದರೆ ಸ್ಟೀಮೇ ಸಾಕು ಮಾರಾಯ್ರೆ. ಅವರ ಸಮ್ಮರ್ ಸೇಲ್ ತನಕ ಕಾಯಿರಿ (ನಮಗದು ಮಳೆಗಾಲ!), ಬೆಲೆ ಇಳಿಯುತ್ತದೆ. ಹಿಡಿಸದಿದ್ದರೆ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ತಲೆನೋವು ಡೌನ್‌ಲೋಡ್‌ದು. ಕಳೆದ ಆಟಿ ತಿಂಗಳ ಮಳೆಯಲ್ಲಿ ಪೆರ್ಲದ ಮನೆಯಲ್ಲಿ 60 ಜಿಬಿಯ ಒಂದು ಗೇಮ್ ಹಾಕಿದೆ, ಕರೆಂಟ್ ಹೋಗಿ ಬಂದು ಹೋಗಿ ಮೂರು ದಿನ ಹಿಡಿಯಿತು, ಪುಣ್ಯಕ್ಕೆ ನಿಂತಲ್ಲಿಂದಲೇ ಮುಂದುವರಿಯಿತು.

ಇನ್ನೊಂದು, ಸ್ಟೀಮ್‌ನಲ್ಲಿ ನಮಗೆ ಸಿಗೋದು ಆಡುವ ಪರವಾನಗಿ ಅಷ್ಟೇ. ಆಡಿ ಮುಗಿಸಿ ಇನ್ನೊಬ್ಬರಿಗೆ ಮಾರೋಕಾಗಲ್ಲ. ಯೂಬಿಸಾಫ್ಟ್ ಕಂಪನಿ 2024ರಲ್ಲಿ ‘ದ ಕ್ರೂ’ ಅನ್ನೋ ರೇಸಿಂಗ್ ಗೇಮ್‌ನ ಸರ್ವರ್ ಮುಚ್ಚಿತು, ದುಡ್ಡು ಕೊಟ್ಟವರಿಗೂ ಆಟ ಇಲ್ಲ! ಡಿಸ್ಕ್ ಇದ್ದವರದ್ದೂ ಅದೇ ಕಥೆ, ಅಲ್ವಾ? ಹಾಗಾಗಿ ನಾನು ಹಳೆ ಗೇಮ್‌ಗಳನ್ನು ಜಿಓಜಿ ಅನ್ನೋ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ತಗೊಂಡು, ಗೇಮ್ ಹಾಕಿಕೊಳ್ಳುವ ಫೈಲ್, ಅಂದರೆ ಇನ್‌ಸ್ಟಾಲರನ್ನೇ ಹಾರ್ಡ್‌ಡಿಸ್ಕ್‌ಗೆ ಹಾಕಿಡುತ್ತೇನೆ.