ಓದುಗರ ಪ್ರಶ್ನೆ, ನಮ್ಮ ಉತ್ತರ: ಬಿಸಿಲ ಸೀಮೆಯಲ್ಲಿ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರು

ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ (ಎಂಜಿನ್, ಮೋಟಾರು ಎರಡೂ ಇರುವ) ಸ್ಪೋರ್ಟ್ಸ್ ಕಾರುಗಳ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದೊಂದು ಜೀನ್ಸ್ ಹೊಲಿಗೆ ಘಟಕವಿದೆ. ಮನೆಯಲ್ಲಿ ಈಗಾಗಲೇ ಒಂದು ಡೀಸೆಲ್ ಎಸ್‌ಯುವಿ ಇದೆ. ಎರಡನೆಯ ಕಾರಾಗಿ ಎಂಜಿ ಸೈಬರ್‌ಸ್ಟರ್‌ನಂತಹ ಎರಡು ಸೀಟಿನ ಎಲೆಕ್ಟ್ರಿಕ್ ಕಾರನ್ನು ಕೊಳ್ಳುವ ಆಸೆಯಿದೆ. ಆಗಾಗ ಬೆಂಗಳೂರಿಗೆ ಹೋಗಿಬರಬೇಕಾಗುತ್ತದೆ. ಮನೆಯವರು ಇದು ಬರೀ ಶೋಕಿ ಎನ್ನುತ್ತಾರೆ. ಇಂಥ ಕಾರು ನಮ್ಮ ಊರಿನಲ್ಲಿ ನಿಜವಾಗಿಯೂ ಬಳಕೆಗೆ ಬರುತ್ತದೆಯೇ?
— ಓದುಗರು, ಬಳ್ಳಾರಿ

ಉತ್ತರ: ಬರುತ್ತದೆ. ಆದರೆ ಕಾರಿನ ಶಕ್ತಿ, ವೇಗಗಳನ್ನು ನೋಡುವ ಮೊದಲು ನಿಮ್ಮ ಮನೆಯ ಮುಂದಿನ ರಸ್ತೆಯನ್ನೂ ನಿಮ್ಮ ಮನೆಯ ವಿದ್ಯುತ್ ಸಂಪರ್ಕವನ್ನೂ ನೋಡಬೇಕು. 2025ರ ಜುಲೈನಲ್ಲಿ ಸುಮಾರು 75 ಲಕ್ಷ ರೂಪಾಯಿ ಬೆಲೆಗೆ ನಮ್ಮ ದೇಶದ ಮಾರುಕಟ್ಟೆಗೆ ಬಂದ ಸೈಬರ್‌ಸ್ಟರ್‌ನಲ್ಲಿ 77 ಕಿಲೋವ್ಯಾಟ್ ಅವರ್ (ಅಂದರೆ 77 ಯೂನಿಟ್) ಬ್ಯಾಟರಿ, ಎರಡು ಮೋಟಾರು ಮತ್ತು 510 ಪಿಎಸ್ (ಅಶ್ವಶಕ್ತಿ) ಶಕ್ತಿ ಇದ್ದು, ಅದು ನಿಂತಲ್ಲಿಂದ 100 ಕಿ.ಮೀ. ವೇಗವನ್ನು 3.2 ಸೆಕೆಂಡಿನಲ್ಲಿ ಮುಟ್ಟುತ್ತದೆಂದು ಕಂಪನಿ ಹೇಳುತ್ತದೆ. ಒಂದು ಚಾರ್ಜಿಗೆ 580 ಕಿ.ಮೀ. ಎಂಬುದು ಪರೀಕ್ಷಾ ವಿಧಾನದ ಅಂಕಿ. ಹೆದ್ದಾರಿಯಲ್ಲಿ 100 ಕಿ.ಮೀ. ವೇಗದಲ್ಲಿ, ಎಸಿ ಹಾಕಿಕೊಂಡು ಓಡಿಸುವಾಗ ಇಂಥ ಕಾರು ನೂರು ಕಿಲೋಮೀಟರಿಗೆ 18ರಿಂದ 20 ಯೂನಿಟ್ ತೆಗೆದುಕೊಳ್ಳುತ್ತದೆಂದು ಹಿಡಿದರೆ, ಪೂರ್ತಿ ಚಾರ್ಜಿಗೆ ಸುಮಾರು 400 ಕಿ.ಮೀ. ಎಂದು ಲೆಕ್ಕ ಹಾಕುವುದು ಕ್ಷೇಮ. ಬಳ್ಳಾರಿಯಿಂದ ಚಳ್ಳಕೆರೆ, ಹಿರಿಯೂರು ಮಾರ್ಗವಾಗಿ ಬೆಂಗಳೂರಿಗೆ ಹತ್ತಿರ ಹತ್ತಿರ 310 ಕಿ.ಮೀ. ಆಗುತ್ತದೆ. ಮನೆಯಿಂದ ತುಂಬಿಸಿಕೊಂಡು ಹೊರಟರೆ ನಡುವೆ ನಿಲ್ಲದೆಯೂ ತಲುಪಬಹುದು. ಆದರೂ ಹಿರಿಯೂರಿನಿಂದ ಮುಂದಿನ ದೊಡ್ಡ ಹೆದ್ದಾರಿಯಲ್ಲಿ ಊಟ, ಕಾಫಿಗೆ ನಿಲ್ಲುವ ಹೊತ್ತಿನಲ್ಲಿ ಒಂದಿಷ್ಟು ಚಾರ್ಜ್ ಮಾಡಿಕೊಳ್ಳುವ ರೂಢಿ ಇಟ್ಟುಕೊಂಡರೆ, ನಗರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಚಿಂತೆಯಿರುವುದಿಲ್ಲ.

ಮನೆಯಲ್ಲಿ ಚಾರ್ಜ್ ಮಾಡುವ ವ್ಯವಸ್ಥೆಯಿಲ್ಲದೆ ಇಂಥ ಕಾರನ್ನು ಕೊಳ್ಳಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಗೀಸರಿಗೆ ಹಾಕುವಂಥ ಸಾಮಾನ್ಯ ಪವರ್ ಪ್ಲಗ್‌ನಿಂದ ಗಂಟೆಗೆ ಮೂರು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಮಾತ್ರ ಸೇರುವುದರಿಂದ, ಖಾಲಿಯಾದ 77 ಯೂನಿಟ್ ಬ್ಯಾಟರಿ ತುಂಬಲು ಒಂದು ಇಡೀ ದಿನ ಬೇಕು. 7.4 ಕಿಲೋವ್ಯಾಟ್ ಚಾರ್ಜರನ್ನು ಗೋಡೆಗೆ ಹಾಕಿಸಿಕೊಂಡರೆ ಅದು ಹತ್ತು–ಹನ್ನೊಂದು ಗಂಟೆಗೆ ಇಳಿಯುತ್ತದೆ. ಅದಕ್ಕೆ ಮೊದಲು ಜೆಸ್ಕಾಂಗೆ ಅರ್ಜಿ ಕೊಟ್ಟು ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಬೇಕು, ಅರ್ಥಿಂಗ್ ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡಿಸಬೇಕು. ಹಳೆಯ ಮನೆಗಳಲ್ಲಿ ಅರ್ಥಿಂಗ್ ಹೆಸರಿಗಷ್ಟೇ ಇರುವುದುಂಟು. ಹಾಗಿದ್ದಲ್ಲಿ ಕಾರಿನ ಚಾರ್ಜರ್ ಸುರಕ್ಷತೆಯ ದೃಷ್ಟಿಯಿಂದ ಚಾರ್ಜ್ ಮಾಡಲು ನಿರಾಕರಿಸುತ್ತದೆ.

ಇನ್ನು ರಸ್ತೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೂಚಿಸಿರುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ ನಯವಾದ ಏರು. ಎರಡು ಗಾಲಿಗಳ ನಡುವೆ 2.7 ಮೀಟರ್ ಅಂತರವಿರುವ ಕಾರು ಅದರ ಮೇಲೆ ನಿಂತಾಗ ಮುಂದಿನ, ಹಿಂದಿನ ಗಾಲಿಗಳೂ ಹಂಪ್‌ನ ಇಳಿಜಾರಿನಲ್ಲೇ ಇರುವುದರಿಂದ, ಹೊಟ್ಟೆಯ ಕೆಳಗೆ ಏಳುವ ಉಬ್ಬು ಐದೂವರೆ ಸೆಂ.ಮೀ. ಮಾತ್ರ, ನೆಲದಿಂದ ಹೊಟ್ಟೆಗೆ 12 ಸೆಂ.ಮೀ. ಅಂತರವಿರುವ ಕಾರೂ ಮುಟ್ಟಿಸದೆ ದಾಟುತ್ತದೆ. ಆದರೆ ನಮ್ಮ ಊರುಗಳಲ್ಲಿ ಶಾಲೆಯ ಮುಂದೆ, ಗುಡಿಯ ಮುಂದೆ ಜನರೇ ಸಿಮೆಂಟು ಸುರಿದು ಕಟ್ಟಿದ ಹಂಪ್ ಒಂದು ಅಡಿ ಅಗಲ, ಗೇಣೆತ್ತರ ಇರುತ್ತದೆ. ಮುಂದಿನ ಗಾಲಿ ಅದನ್ನು ಹತ್ತಿ ಇಳಿದ ಮೇಲೆ ಪೂರ್ತಿ ಎತ್ತರ ಕಾರಿನ ಹೊಟ್ಟೆಗೇ ಎದುರಾಗುತ್ತದೆ. ಪೆಟ್ರೋಲ್ ಕಾರಿನಲ್ಲಿ ಅಲ್ಲಿ ಸೈಲೆನ್ಸರ್ ಪೈಪು ಉಜ್ಜಿದರೆ ಕೆಲವು ಸಾವಿರ ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಅಲ್ಲಿರುವುದು ಬ್ಯಾಟರಿಯ ಪೆಟ್ಟಿಗೆ. ಅದು ಬಗ್ಗಿದರೆ ಇಡೀ ಬ್ಯಾಟರಿಯನ್ನು ಇಳಿಸಿ ನೋಡಬೇಕಾಗುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಮನೆಯಿಂದ ಘಟಕಕ್ಕೆ, ಘಟಕದಿಂದ ಹೆದ್ದಾರಿಗೆ ಹೋಗುವ ದಾರಿಯಲ್ಲಿನ ಪ್ರತಿಯೊಂದು ಹಂಪನ್ನೂ ಅಳತೆಪಟ್ಟಿ ಹಿಡಿದು ಅಳೆದು ನೋಡಿ ಎಂದು ಹೇಳುತ್ತೇನೆ. ಅದಿರಿನ ಲಾರಿಗಳು ಓಡಾಡಿ ತಗ್ಗು ಬಿದ್ದ ಸಂಡೂರು ಕಡೆಯ ರಸ್ತೆಗಳಿಗೆ ಈ ಕಾರನ್ನು ಒಯ್ಯುವ ಯೋಚನೆಯೇ ಬೇಡ. ಅದಕ್ಕೆ ನಿಮ್ಮ ಎಸ್‌ಯುವಿ ಇದೆ.

ಟೈರಿನ ಮಾತನ್ನೂ ಹೇಳಬೇಕು. ಇಂಥ ಕಾರುಗಳಲ್ಲಿ ಬಹುತೇಕ ಸ್ಟೆಪ್ನಿ ಇರುವುದಿಲ್ಲ. ಪಂಕ್ಚರ್ ಕಿಟ್ ಕೊಟ್ಟಿರುತ್ತಾರೆ. ತಗ್ಗಿಗೆ ಬಿದ್ದು 20 ಇಂಚಿನ ಟೈರಿನ ಪಕ್ಕ ಹರಿದರೆ ಆ ಕಿಟ್ ಉಪಯೋಗಕ್ಕೆ ಬಾರದು, ಹೊಸ ಟೈರು ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಬರಬೇಕು. ಕೆಟ್ಟು ನಿಂತಾಗ ಕಾರನ್ನು ಹಗ್ಗ ಕಟ್ಟಿ ಎಳೆಸಬಾರದು. ಗಾಲಿ ತಿರುಗಿದರೆ ಮೋಟಾರೂ ತಿರುಗಿ ಹಾನಿಯಾಗಬಹುದು, ನಾಲ್ಕೂ ಗಾಲಿ ಮೇಲಿರುವಂತೆ ವಾಹನದ ಮೇಲೆ ಹೇರಿಯೇ ಸಾಗಿಸಬೇಕು.

ಖರ್ಚಿನ ವಿಷಯ ಹೇಳುವುದಾದರೆ, ಯೂನಿಟ್‌ಗೆ 8 ರೂಪಾಯಿ, ಚಾರ್ಜಿಂಗ್ ನಷ್ಟ ಸೇರಿ ನೂರು ಕಿಲೋಮೀಟರಿಗೆ 20 ಯೂನಿಟ್ ಎಂದರೂ 160 ರೂಪಾಯಿ ಆಗುತ್ತದೆ. ಲೀಟರಿಗೆ 8 ಕಿ.ಮೀ. ಕೊಡುವ ಪೆಟ್ರೋಲ್ ಸ್ಪೋರ್ಟ್ಸ್ ಕಾರಿಗೆ ಅದೇ ದೂರಕ್ಕೆ 1,250 ರೂಪಾಯಿಯಾದರೂ ಬೇಕು. ಜಿಎಸ್‌ಟಿ ಕೂಡ ಎಲೆಕ್ಟ್ರಿಕ್‌ಗೆ ಶೇ 5 ಮಾತ್ರ. ಆದರೆ ನಮ್ಮ ರಾಜ್ಯದಲ್ಲಿ 2024ರಲ್ಲಿ ತಂದ ತಿದ್ದುಪಡಿಯಂತೆ 25 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಎಲೆಕ್ಟ್ರಿಕ್ ಕಾರುಗಳಿಗೆ ಶೇ 10ರ ಆಜೀವ ತೆರಿಗೆ ಬಂದಿರುವುದನ್ನು ಬಜೆಟ್ಟಿಗೆ ಸೇರಿಸಿಕೊಳ್ಳಿ. ಉಳಿತಾಯಕ್ಕಾಗಿ 75 ಲಕ್ಷದ ಕಾರನ್ನು ಯಾರೂ ಕೊಳ್ಳುವುದಿಲ್ಲ. ವೇಗದ ಸುಖ ನಿಮಗೆ ಮುಖ್ಯವಾಗಿದ್ದು ಹಂಪ್‌ಗಳ ಅಳತೆ ನಿರಾಶೆ ತಂದರೆ, ಮಹೀಂದ್ರ ಬಿಇ 6ನಂತಹ ಎತ್ತರದ ಎಲೆಕ್ಟ್ರಿಕ್ ಕಾರನ್ನು ಒಮ್ಮೆ ಓಡಿಸಿ ನೋಡಿ. ಅದರ ದೊಡ್ಡ ಬ್ಯಾಟರಿಯ ಮಾದರಿ 6.7 ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ, ನೆಲದಿಂದ 200 ಮಿ.ಮೀ.ಗಿಂತ ಹೆಚ್ಚು ಎತ್ತರವಿದೆ. ನಮ್ಮ ಚತುಷ್ಪಥ ಹೆದ್ದಾರಿಗಳಲ್ಲಿ ಕಾರಿಗೆ ಇರುವ ಮಿತಿಯೇ ಗಂಟೆಗೆ 100 ಕಿ.ಮೀ. ಆಗಿರುವಾಗ, ಲಾರಿಯನ್ನು ಹಿಂದಿಕ್ಕಲು ಬೇಕಾದ ಚುರುಕು ಅದರಲ್ಲಿ ಧಾರಾಳವಾಗಿ ಸಿಗುತ್ತದೆ.

ಪ್ರಶ್ನೆ: ಎಲೆಕ್ಟ್ರಿಕ್ ಕಾರು ಅಷ್ಟು ಬೇಗ ವೇಗ ಪಡೆಯುವುದು ಹೇಗೆ? ಅದು ಅಷ್ಟು ಚುರುಕಾಗಿದ್ದರೆ ಫೆರಾರಿ, ಪೋರ್ಷೆಯಂಥ ಕಂಪನಿಗಳು ಎಂಜಿನ್ ಉಳಿಸಿಕೊಂಡು ಹೈಬ್ರಿಡ್ ಮಾಡುವುದೇಕೆ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಕೊಪ್ಪಳ

ಉತ್ತರ: ಪೆಟ್ರೋಲ್ ಎಂಜಿನ್ ಪೂರ್ತಿ ಟಾರ್ಕ್ (ಗಾಲಿಯನ್ನು ತಿರುಗಿಸುವ ಬಲ) ಕೊಡಬೇಕಾದರೆ ನಿಮಿಷಕ್ಕೆ ಕೆಲವು ಸಾವಿರ ಸುತ್ತು ತಿರುಗುತ್ತಿರಬೇಕು; ಮೋಟಾರು ನಿಂತ ಸ್ಥಿತಿಯಿಂದಲೇ ಅದನ್ನು ಕೊಡುತ್ತದೆ. ಗಾಲಿ ಜಾರತೊಡಗಿದರೆ ಮೋಟಾರಿನ ಬಲವನ್ನು ಸೆಕೆಂಡಿನ ಸಾವಿರದ ಒಂದೆರಡು ಪಾಲಿನಲ್ಲೇ ತಿದ್ದಬಹುದಾದ್ದರಿಂದ, ಆ ಟಾರ್ಕ್ ವ್ಯರ್ಥವಾಗದೆ ರಸ್ತೆಗೆ ಇಳಿಯುತ್ತದೆ. ಇದು ಹೊಸ ಕಾಲದ ಗುಣವಲ್ಲ. ಗಂಟೆಗೆ 100 ಕಿ.ಮೀ. ವೇಗವನ್ನು ಮೊದಲು ದಾಟಿದ ಕಾರೇ ಎಲೆಕ್ಟ್ರಿಕ್ ಆಗಿತ್ತು. 1899ರಲ್ಲಿ ಬೆಲ್ಜಿಯಂನ ಕಮೀಲ್ ಜೆನಾಟ್ಸಿ ಅದನ್ನು ಸುಮಾರು 106 ಕಿ.ಮೀ. ವೇಗದಲ್ಲಿ ಓಡಿಸಿದ್ದರು.

ತೊಡಕಿರುವುದು ತೂಕದಲ್ಲಿ. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಕಿಲೋವ್ಯಾಟ್ ಅವರ್ ಶಕ್ತಿ ಅಡಗಿದೆ. ಎಂಜಿನ್ ಅದರಲ್ಲಿ ಬಹುಪಾಲನ್ನು ಶಾಖವಾಗಿ ಕಳೆದರೂ, ಒಂದು ಕಿಲೋ ಬ್ಯಾಟರಿಯಲ್ಲಿ ಸಿಗುವುದು ಒಂದು ಕಿಲೋವ್ಯಾಟ್ ಅವರ್‌ನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಹೀಗಾಗಿ ದೂರ ಹೋಗುವ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರು ಎರಡು ಟನ್ನಿನ ಆಸುಪಾಸಿಗೆ ಬರುತ್ತದೆ. ತೂಕ ತಳದಲ್ಲಿರುವುದರಿಂದ ಕಾರು ತಿರುವಿನಲ್ಲಿ ಹೆಚ್ಚು ವಾಲುವುದಿಲ್ಲ ನಿಜ, ಆದರೆ ಬ್ರೇಕು ಹಾಕುವಾಗ, ದಿಕ್ಕು ಬದಲಿಸುವಾಗ ಆ ಭಾರವನ್ನು ಟೈರುಗಳೇ ಹೊರಬೇಕು. ಸ್ಪರ್ಧಾ ಟ್ರ್ಯಾಕಿನಲ್ಲಿ ಕೆಲವು ಸುತ್ತು ಸತತವಾಗಿ ಓಡಿಸಿದರೆ ಬ್ಯಾಟರಿ ಕಾವೇರಿ, ಕಾರು ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಹೈಬ್ರಿಡ್ ಹುಟ್ಟುವುದು ಈ ತೊಡಕಿನಿಂದ. 2024ರಲ್ಲಿ ಬಂದ ಪೋರ್ಷೆ 911 ಜಿಟಿಎಸ್ ಹೈಬ್ರಿಡ್‌ನ ಬ್ಯಾಟರಿ 1.9 ಕಿಲೋವ್ಯಾಟ್ ಅವರ್ ಮಾತ್ರ. ಅದಕ್ಕೆ ಪ್ಲಗ್ಗೇ ಇಲ್ಲ. ಗೇರ್‌ಬಾಕ್ಸಿನೊಳಗಿನ ಮೋಟಾರು ಎಂಜಿನ್ನಿಗೆ ಕೈಜೋಡಿಸಿದರೆ, ಇನ್ನೊಂದು ಚಿಕ್ಕ ಮೋಟಾರು ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊವನ್ನೇ ತಿರುಗಿಸುವುದರಿಂದ ಪೆಡಲ್ ಒತ್ತಿದ ಮೇಲೆ ಎಂಜಿನ್ ಎಚ್ಚೆತ್ತುಕೊಳ್ಳಲು ಕಾಯಬೇಕಾಗಿಲ್ಲ. ಇಷ್ಟಕ್ಕೆ ಹೆಚ್ಚಿದ ತೂಕ 50 ಕಿಲೋ. ಫೆರಾರಿ 296 ಜಿಟಿಬಿ ಇನ್ನೊಂದು ಬಗೆಯದು. 7.45 ಕಿಲೋವ್ಯಾಟ್ ಅವರ್ ಬ್ಯಾಟರಿಯನ್ನು ಚಾರ್ಜ್ ಮಾಡಿಕೊಂಡು 25 ಕಿ.ಮೀ. ಎಂಜಿನ್ ಹಚ್ಚದೆ ಹೋಗಬಹುದು. ಎಂಜಿನಿಯರಿಂಗ್ ಕಣ್ಣಿಗೆ ನನಗೆ ಹೆಚ್ಚು ಸುಂದರವಾಗಿ ಕಾಣುವುದು ಮೊದಲನೆಯ ಬಗೆ, ಏಕೆಂದರೆ ಅಲ್ಲಿ ವಿದ್ಯುತ್ ಎಂಜಿನ್ನಿನ ಕೊರತೆಯೊಂದನ್ನು ಗುರಿಯಿಟ್ಟು ತುಂಬುತ್ತದೆ.

ಪ್ರಶ್ನೆ: ರಾಯಚೂರಿನ ಬೇಸಿಗೆಯಲ್ಲಿ ಇಂಥ ಕಾರಿನ ಬ್ಯಾಟರಿ ಬಾಳುತ್ತದೆಯೇ?
— ಓದುಗರು, ರಾಯಚೂರು

ಉತ್ತರ: ಓಡುತ್ತಿರುವಾಗಿನ ಬಿಸಿಲಿಗಿಂತ ನಿಂತಿರುವಾಗಿನ ಬಿಸಿಲಿಗೆ ಹೆಚ್ಚು ಹೆದರಬೇಕು. ಒಳ್ಳೆಯ ಕಾರುಗಳಲ್ಲಿ ಬ್ಯಾಟರಿಯ ಸುತ್ತ ತಂಪು ದ್ರವ ಹರಿಯುತ್ತದೆ, ಎಸಿಯ ಕಂಪ್ರೆಸರ್ ಆ ದ್ರವವನ್ನು ತಣಿಸುತ್ತದೆ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿಯಲ್ಲಿ ವೇಗದ ಚಾರ್ಜರಿಗೆ ಹಾಕಿದಾಗ ಕಾರಿನ ಮುಂಭಾಗದ ಫ್ಯಾನು ಜೋರಾಗಿ ಮೊರೆಯುವುದು ಕೇಳಿಸುತ್ತದೆ; ಆಗ ಚಾರ್ಜಿನ ವೇಗವೂ ಇಳಿಯಬಹುದು. ಅದು ದೋಷವಲ್ಲ, ಬ್ಯಾಟರಿಯ ಆತ್ಮರಕ್ಷಣೆ. ಆದರೆ ನೂರಕ್ಕೆ ನೂರು ತುಂಬಿಸಿದ ಕಾರನ್ನು ಕಾದ ತಗಡಿನ ಶೆಡ್ಡಿನಡಿ ದಿನಗಟ್ಟಲೆ ನಿಲ್ಲಿಸುವುದು ಬ್ಯಾಟರಿಯ ಆಯುಸ್ಸನ್ನು ನಿಜವಾಗಿ ಕುಗ್ಗಿಸುತ್ತದೆ. ಬೇಸಿಗೆಯಲ್ಲಿ ದಿನಬಳಕೆಗೆ ಶೇ 80ಕ್ಕೆ ಮಿತಿಗೊಳಿಸಿ, ಚಾರ್ಜಿಂಗ್ ಬೆಳಗಿನ ಜಾವಕ್ಕೆ ಮುಗಿಯುವಂತೆ ಸಮಯ ಹೊಂದಿಸಿ, ನೆರಳಿನಲ್ಲಿ ನಿಲ್ಲಿಸಿ. ಹೈದರಾಬಾದಿಗೆ ಹೊರಡುವ ದಿನ ಮಾತ್ರ ಪೂರ್ತಿ ತುಂಬಿಸಿಕೊಂಡರೆ ಸಾಕು. ದೂಳು ಹೆಚ್ಚಿರುವ ನಮ್ಮ ಕಡೆ ರೇಡಿಯೇಟರಿನ ಜಾಲರಿಯನ್ನು ಆಗಾಗ ಶುಚಿಗೊಳಿಸಿ.

ಪ್ರಶ್ನೆ: ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಮಾಡಿದ ವಿದ್ಯುತ್ತಿನಿಂದಲೇ ಈ ಕಾರು ಓಡುವುದಾದರೆ ಪರಿಸರಕ್ಕೆ ಏನು ಲಾಭ?
— ಓದುಗರು, ಸಿಂಧನೂರು

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದು. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ, ನೂರು ಕಿಲೋಮೀಟರಿಗೆ 20 ಯೂನಿಟ್ ಬಳಸುವ ಕಾರಿನ ಪಾಲು 14 ಕಿಲೋ. ಲೀಟರಿಗೆ 8 ಕಿ.ಮೀ. ಕೊಡುವ ಪೆಟ್ರೋಲ್ ಸ್ಪೋರ್ಟ್ಸ್ ಕಾರು ಅದೇ ದೂರಕ್ಕೆ ಸುಮಾರು 29 ಕಿಲೋ ಉಗುಳುತ್ತದೆ. ಲೀಟರಿಗೆ 18 ಕಿ.ಮೀ. ಕೊಡುವ ಚಿಕ್ಕ ಪೆಟ್ರೋಲ್ ಕಾರಿನದು 13 ಕಿಲೋ. ಬ್ಯಾಟರಿ ತಯಾರಿಕೆಯ ಹೊರೆ ಇದಕ್ಕೆ ಸೇರಿಲ್ಲ. ಹಾಗಾಗಿ ಇದು ತನ್ನ ಪೆಟ್ರೋಲ್ ಸೋದರನಿಗಿಂತ ಬಹಳ ಮೇಲು, ಆದರೆ ಪರಿಸರದ ಹೆಸರಿನಲ್ಲಿ ಕೊಳ್ಳುವ ಕಾರಲ್ಲ. ನಮ್ಮ ಜಿಲ್ಲೆಗಳಿಗೆ ಇರುವ ಅನುಕೂಲ ಬಿಸಿಲು. ಮನೆಯ ಮೇಲೆ 5 ಕಿಲೋವ್ಯಾಟ್ ಸೌರಫಲಕ ಹಾಕಿಸಿದರೆ ದಿನಕ್ಕೆ ಸುಮಾರು 20 ಯೂನಿಟ್ ಬರುತ್ತದೆ. ಅದು ನೂರು ಕಿಲೋಮೀಟರಿನ ಓಟಕ್ಕೆ ಸಾಕು.

ಪ್ರಶ್ನೆ: ಎಂಜಿನ್ನಿನ ಗರ್ಜನೆಯೇ ಇಲ್ಲದ ಮೇಲೆ ಅದೆಂಥ ಸ್ಪೋರ್ಟ್ಸ್ ಕಾರು?
— ಓದುಗರು, ಗಂಗಾವತಿ

ಉತ್ತರ: ಆ ಸದ್ದಿಗೆ ಮನಸೋತವರಿಗೆ ಹೈಬ್ರಿಡ್ಡೇ ಸರಿ. ಹ್ಯುಂಡೈ ಐಯಾನಿಕ್ 5 ಎನ್ ಕಾರಿನಲ್ಲಿ ಸದ್ದನ್ನೂ ಗೇರು ಬದಲಾಗುವ ಕುಲುಕನ್ನೂ ಕೃತಕವಾಗಿ ಹುಟ್ಟಿಸುತ್ತಾರೆ. ನನಗೆ ಮಾತ್ರ ಟೈರಿನ ಹಿಡಿತ ಸಡಿಲವಾಗುವುದನ್ನು ಕಿವಿಯಿಂದಲೇ ತಿಳಿಯಲು ಬಿಡುವ ಆ ನಿಶ್ಶಬ್ದವೇ ಇಷ್ಟ.

ಪ್ರಶ್ನೆ: ಬೆಂಗಳೂರಿನಲ್ಲಿ ಹಳೆಯ ಬಿಎಂಡಬ್ಲ್ಯು ಐ8 ಹೊಸ ಬೆಲೆಗಿಂತ ಬಹಳ ಕಡಿಮೆಗೆ ಸಿಗುವಂತಿದೆ. ಕೊಳ್ಳಬಹುದೇ?
— ಓದುಗರು, ಕುಷ್ಟಗಿ

ಉತ್ತರ: ಕುಷ್ಟಗಿಯಲ್ಲಿ ಇಟ್ಟುಕೊಳ್ಳುವುದಕ್ಕಾದರೆ ಬೇಡ ಎನ್ನುತ್ತೇನೆ. ಅದು ನಿಜಕ್ಕೂ ಮನಮೋಹಕ ಕಾರು. ಹಿಂದೆ 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್, ಮುಂದಿನ ಗಾಲಿಗಳಿಗೆ ಮೋಟಾರು, ಕುಳಿತುಕೊಳ್ಳುವ ಭಾಗವೆಲ್ಲ ಕಾರ್ಬನ್ ಫೈಬರ್. ಆದರೆ 2020ರಲ್ಲಿ ಅದರ ತಯಾರಿಕೆ ನಿಂತಿದೆ. ಎಂಜಿನ್, ಮೋಟಾರು ಎಂಬ ಎರಡು ಪ್ರತ್ಯೇಕ ವ್ಯವಸ್ಥೆಗಳಿಗೂ ತಿಳಿವಳಿಕೆಯುಳ್ಳ ಕೈ ಬೇಕು, ಬಿಡಿಭಾಗಗಳಿಗೆ ಕಾಯಬೇಕು, ಕಾರ್ಬನ್ ಫೈಬರಿಗೆ ಪೆಟ್ಟಾದರೆ ಸಾಮಾನ್ಯ ಟಿಂಕರಿಂಗ್ ಅಂಗಡಿಯಲ್ಲಿ ಸರಿಯಾಗದು. ಆಸೆ ತಡೆಯಲಾಗದಿದ್ದರೆ, ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಬ್ಯಾಟರಿಯಲ್ಲಿ ಉಳಿದಿರುವ ಸಾಮರ್ಥ್ಯವನ್ನು ಅಳೆಯಿಸಿ, ಅದರ ವರದಿಯನ್ನು ಬರಹದಲ್ಲಿ ಪಡೆದು, ಹೊಸ ಬ್ಯಾಟರಿಯ ಬೆಲೆಯನ್ನೂ ಅಲ್ಲೇ ಕೇಳಿಕೊಂಡು, ಆಮೇಲೆ ಮಾರುವವರೊಡನೆ ವ್ಯಾಪಾರಕ್ಕೆ ಕುಳಿತುಕೊಳ್ಳಿ.