ಓದುಗರ ಪ್ರಶ್ನೆ: ಒಂದು ಸರಪಳಿ, ಮೂವರು ಮಾಲೀಕರು

ಹೋದ ಸಂಚಿಕೆಯಲ್ಲಿ ರಷ್ಯಾದ ಪಿಕಲ್ಯೊವೊ ಎಂಬ ಸಣ್ಣ ಸಿಮೆಂಟ್ ಊರಿನ ಬಗ್ಗೆ ನಾಲ್ಕು ಸಾಲು ಹಾಕಿದ್ದೆವು. ಒಂದೇ ತಯಾರಿಕಾ ಸರಪಳಿಯ ಮೂವರು ಮಾಲೀಕರ ಜಗಳದಲ್ಲಿ ಮೂರೂ ಕಾರ್ಖಾನೆ ನಿಂತು, 2009ರಲ್ಲಿ ಪಗಾರ ಸಿಗದ ಅಲ್ಲಿನ ಜನ ಹೆದ್ದಾರಿಗೆ ಅಡ್ಡ ನಿಂತರು, ಎರಡೇ ದಿನಕ್ಕೆ ಆಗಿನ ಪ್ರಧಾನಿ ಪುಟಿನ್ ಊರಿಗೆ ಬಂದಿಳಿದರು ಎಂಬುದು ಅದರ ಮುಖ್ಯ ಸುದ್ದಿ. ಅದಕ್ಕೆ ಬಂದ ಪತ್ರಗಳಲ್ಲಿ ವಾಡಿ, ಶಹಾಬಾದ್, ಸೇಡಂ ಕಡೆಯವೇ ಹೆಚ್ಚು. ಕ್ಲಿಂಕರಿನ (ಅರೆದರೆ ಸಿಮೆಂಟ್ ಆಗುವ ಬೆಂದ ಗಟ್ಟಿ) ಧೂಳು ಕಂಡವರಿಗೆ ಈ ಸಂಗತಿ ದೂರದ್ದು ಅನ್ನಿಸಿಲ್ಲ.

ವಾಡಿಯ ಓದುಗರು: ನಮ್ಮದೂ ಒಂದೇ ಫ್ಯಾಕ್ಟರಿ ನಂಬಿದ ಊರು. ಇಂಥ ಊರಿಗೆ ರಷ್ಯಾದಾಗ ಬ್ಯಾರೆ ಹೆಸರೇ ಅದ ಅಂತ ಬರೆದೀರಿ. ಯಾವ ಲೆಕ್ಕದ ಮ್ಯಾಲ ಹಂಗಂತಾರ? ನಮ್ಮ ವಾಡಿ ಆ ಲೆಕ್ಕಕ್ಕ ಬರತದೇನ್ರಿ?

ಅವರು ಅದನ್ನು ‘ಮೊನೊಗೊರೊಡ್’ ಅನ್ನುತ್ತಾರೆ. ಮೊನೊ ಅಂದರೆ ಒಂದೇ, ಗೊರೊಡ್ ಅಂದರೆ ಊರು. ಇದು ಬಾಯಿಮಾತಿನ ಹೆಸರಷ್ಟೇ ಅಲ್ಲ, ಸರಕಾರದ ಪಟ್ಟಿಯೂ ಇದೆ. 2014ರ ಜುಲೈನಲ್ಲಿ ಮಾಡಿದ ನಿಯಮದ ಪ್ರಕಾರ ಊರಿನ ಜನಸಂಖ್ಯೆ 3,000 ಮೀರಿರಬೇಕು, ಅಲ್ಲಿನ ಒಟ್ಟು ನೌಕರರಲ್ಲಿ ಶೇ 20ಕ್ಕೆ ಕಡಿಮೆಯಿಲ್ಲದಷ್ಟು ಜನ ಒಂದೇ ಉದ್ಯಮದಲ್ಲಿರಬೇಕು, ಆ ಉದ್ಯಮ ಗಣಿಗಾರಿಕೆಯದ್ದೋ ತಯಾರಿಕೆಯದ್ದೋ ಆಗಿರಬೇಕು. ಹೀಗೆ ಸೇರಿದ 313 ಊರುಗಳನ್ನು ‘ತೀರಾ ಹದಗೆಟ್ಟವು’, ‘ಹದಗೆಡುವ ಅಂಚಿನವು’, ‘ಸ್ಥಿರವಾಗಿರುವವು’ ಎಂದು ಮೂರು ಪಾಲು ಮಾಡಿದರು. ಆಮೇಲೆ ಪಟ್ಟಿ ಇನ್ನಷ್ಟು ಬೆಳೆಯಿತು.

ಆ ನಿಯಮದಲ್ಲಿ ಒಂದು ಜಾಣತನವಿದೆ. ಕಂಪನಿಗಳು ಬೇರೆಬೇರೆ ಇದ್ದರೂ ಒಂದೇ ತಯಾರಿಕಾ ಸರಪಳಿಯ ಕೊಂಡಿಗಳಾಗಿದ್ದರೆ ಅವುಗಳ ನೌಕರರನ್ನು ಕೂಡಿಸಿಯೇ ಎಣಿಸಬೇಕು. ಪಿಕಲ್ಯೊವೊದಲ್ಲಿ ಪೆಟ್ಟು ತಿಂದ ಮೇಲೆ ಬಂದ ಬುದ್ಧಿ ಅದು ಅಂತ ನಮ್ಮ ಅನುಮಾನ.

ವಾಡಿಗೆ ಈ ಲೆಕ್ಕ ಹಾಕಿ ನೋಡಬೇಕಾದರೆ ಮೊದಲು ಎಡವುವುದು ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ. ಲೋಡಿಂಗ್, ಪ್ಯಾಕಿಂಗ್, ಸಫಾಯಿ, ಗಣಿಯ ಟಿಪ್ಪರ್, ಇವರ ಹೆಸರು ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಇರುತ್ತದೆ, ಕಂಪನಿಯ ಪಟ್ಟಿಯಲ್ಲಿ ಅಲ್ಲ. ಕಂಪನಿ ಪಟ್ಟಿಯೊಂದನ್ನೇ ಹಿಡಿದರೆ ಫ್ಯಾಕ್ಟರಿಯ ಪಾಲು ಇದ್ದದ್ದಕ್ಕಿಂತ ಬಹಳ ಸಣ್ಣದಾಗಿ ಕಾಣುತ್ತದೆ. ಎರಡನೆಯದು ರೈಲ್ವೆ. ಜಂಕ್ಷನ್ ಇರುವುದರಿಂದ ವಾಡಿಗೆ ಇನ್ನೊಂದು ಕಾಲಿದೆ. ಶಹಾಬಾದಿನ ಸಂಗತಿಯೇ ಬೇರೆ. ಅಲ್ಲಿ ಫರಸಿ ಕಲ್ಲಿನ ಖಣಿ, ಪಾಲಿಶ್ ಮಷಿನ್ ಎಲ್ಲ ನೂರಾರು ಕೈಗಳಲ್ಲಿ ಹಂಚಿಹೋಗಿವೆ. ರೊಕ್ಕ ಕಡಿಮೆಯಿರಬಹುದು, ಆದರೆ ಒಬ್ಬ ಮಾಲೀಕ ಬೀಗ ಹಾಕಿದ ಅಂತ ಎಲ್ಲಾ ಖಣಿ ಒಂದೇ ದಿನ ನಿಲ್ಲುವುದಿಲ್ಲ.

ಸೇಡಂನ ಡಿಪ್ಲೊಮಾ ವಿದ್ಯಾರ್ಥಿ: ಪಿಕಲ್ಯೊವೊದಲ್ಲಿ ಒಂದೇ ಕಚ್ಚಾಮಾಲಿನಿಂದ ಅಲ್ಯೂಮಿನಾ (ಅಲ್ಯೂಮಿನಿಯಂ ಲೋಹ ತೆಗೆಯುವ ಪುಡಿ), ಸೋಡಾ, ಪೊಟ್ಯಾಷ್, ಸಿಮೆಂಟ್ ನಾಲ್ಕೂ ಬರುತ್ತವೆ ಎಂದಿದ್ದೀರಿ. ಹೇಗೆ ಸಾಧ್ಯ ಸರ್? ಪ್ರಮಾಣ ಎಷ್ಟು?

ಒಳ್ಳೆಯ ಪ್ರಶ್ನೆ. ಇದು ತಿಳಿಯದೆ 2009ರ ಜಗಳ ಅರ್ಥವಾಗುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇವೆ.

ಮೂಲ ಕಲ್ಲಿನ ಹೆಸರು ನೆಫೆಲಿನ್. ಉತ್ತರದ ಕೋಲಾ ಪರ್ಯಾಯದ್ವೀಪದ ಹಿಬಿನಿ ಬೆಟ್ಟದಲ್ಲಿ ರಸಗೊಬ್ಬರಕ್ಕೆಂದು ಅಪಟೈಟ್ ತೆಗೆಯುತ್ತಾರೆ. ಅದನ್ನು ಬೇರ್ಪಡಿಸಿದಾಗ ಹಿಂದೆ ಉಳಿಯುವ ಪುಡಿಯಲ್ಲಿ ನೆಫೆಲಿನ್ ಇರುತ್ತದೆ. ಅದು ಸಾವಿರ ಕಿಲೋಮೀಟರಿಗೂ ಹೆಚ್ಚು ರೈಲಿನಲ್ಲಿ ಬರುತ್ತದೆ. ಸುಣ್ಣದ ಕಲ್ಲು ಮಾತ್ರ ಪಿಕಲ್ಯೊವೊದ್ದೇ.

ನೆಫೆಲಿನ್ ಪುಡಿಯಲ್ಲಿ ಅಲ್ಯೂಮಿನಾ ಸುಮಾರು ಶೇ 29, ಸಿಲಿಕಾ ಶೇ 44ರ ಆಸುಪಾಸು. ಉಳಿದದ್ದರಲ್ಲಿ ಬಹುಪಾಲು ಸೋಡಿಯಂ, ಪೊಟ್ಯಾಸಿಯಂ ಕ್ಷಾರ. ಅಲ್ಯೂಮಿನಾಕ್ಕೆ ಸಾಮಾನ್ಯವಾಗಿ ಬಳಸುವ ಅದಿರು ಬಾಕ್ಸೈಟ್, ಒಳ್ಳೆಯ ಬಾಕ್ಸೈಟಿನ ಮುಂದೆ ಇದು ಬಡ ಸರಕು. ತೊಂದರೆ ಕೊಡುವುದು ಸಿಲಿಕಾ, ಅದನ್ನು ಕಟ್ಟಿಹಾಕಲು ಸುಣ್ಣ ಬೇಕು. ಒಂದು ಅಣು ಸಿಲಿಕಾಗೆ ಎರಡು ಅಣು ಕ್ಯಾಲ್ಸಿಯಂ ಆಕ್ಸೈಡ್ ಸಿಕ್ಕರೆ ಅದು ಡೈಕ್ಯಾಲ್ಸಿಯಂ ಸಿಲಿಕೇಟ್ ಆಗುತ್ತದೆ. ಸಿಮೆಂಟಿನವರ ಭಾಷೆಯಲ್ಲಿ ಅದೇ ಬೆಲೈಟ್, ನಿಮ್ಮ ಪಠ್ಯದ ಸಿ-ಟು-ಎಸ್.

ಲೆಕ್ಕ ನೀವೇ ಹಾಕಿ ನೋಡಿ. ಒಂದು ಟನ್ ಅಲ್ಯೂಮಿನಾಕ್ಕೆ ಸುಮಾರು 4 ಟನ್ ನೆಫೆಲಿನ್ ಬೇಕು. ಅದರಲ್ಲಿ ಸಿಲಿಕಾ 1.76 ಟನ್. ಅದಕ್ಕೆ ಬೇಕಾದ ಕ್ಯಾಲ್ಸಿಯಂ ಆಕ್ಸೈಡ್ 3.3 ಟನ್, ಅಂದರೆ ಶುದ್ಧ ಸುಣ್ಣದ ಕಲ್ಲು ಸುಮಾರು 5.9 ಟನ್. ಗಣಿಯಿಂದ ಬರುವ ಕಲ್ಲು ಪೂರ್ತಿ ಶುದ್ಧ ಇರುವುದಿಲ್ಲ, 6 ಟನ್ ದಾಟುತ್ತದೆ. ಎರಡನ್ನೂ ನೀರಿನೊಂದಿಗೆ ಅರೆದು ಸ್ಲರಿ ಮಾಡಿ ತಿರುಗುವ ಭಟ್ಟಿಗೆ ಬಿಡುತ್ತಾರೆ. ಶಾಖ 1,250ರಿಂದ 1,300 ಡಿಗ್ರಿ. ನಿಮ್ಮಲ್ಲಿ ಕ್ಲಿಂಕರಿಗೆ 1,450 ಬೇಕು. ಇಲ್ಲಿ ಅಷ್ಟು ಏರಿಸಿದರೆ ಮಾಲು ಕರಗಿ ಭಟ್ಟಿಯ ಒಳಗೋಡೆಗೆ ಉಂಗುರದಂತೆ ಹತ್ತಿಕೊಳ್ಳುತ್ತದೆ, ಹೊರಬಂದ ಗಟ್ಟಿಯೂ ದ್ರಾವಣ ಹೀರುವುದಿಲ್ಲ. ಶಾಖ ಕಡಿಮೆಯಾದರೆ ಬೆಂದದ್ದೂ ಬೇಯದ್ದೂ ಕೂಡಿ ಬರುತ್ತದೆ.

ಬೆಂದ ಗಟ್ಟಿಯನ್ನು ಪುಡಿಮಾಡಿ ಕ್ಷಾರದ ನೀರಿನಲ್ಲಿ ತೊಳೆದರೆ ಅಲ್ಯೂಮಿನೇಟ್ ನೀರಿಗೆ ಇಳಿಯುತ್ತದೆ, ಬೆಲೈಟ್ ರಾಡಿಯಾಗಿ ತಳಕ್ಕೆ ಕೂರುತ್ತದೆ. ಇಲ್ಲಿ ಸಮಯ ಬಹಳ ಮುಖ್ಯ. ಬೆಲೈಟ್ ಅಂದರೆ ಅರ್ಧ ಸಿಮೆಂಟೇ. ದ್ರಾವಣದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಅದು ಒಡೆದು, ಬಿಡಿಸಿಕೊಂಡ ಅಲ್ಯೂಮಿನಾವನ್ನು ಮತ್ತೆ ತನ್ನೊಳಗೆ ಎಳೆದುಕೊಳ್ಳುತ್ತದೆ. ಟ್ಯಾಂಕಿನ ತಳದಲ್ಲಿ ಗಟ್ಟಿಯಾಗಿ ಕೂತರಂತೂ ಒಡೆದೇ ತೆಗೆಯಬೇಕು. ಸುಣ್ಣದ ಪ್ರಮಾಣ ಕಮ್ಮಿ ಬಿದ್ದಿದ್ದರೂ ನಷ್ಟ ಇಲ್ಲೇ ಗೊತ್ತಾಗುವುದು. ಕರಗಬೇಕಾದ ಅಲ್ಯೂಮಿನಾ, ಕ್ಷಾರ ಎರಡೂ ಕರಗದ ಸಂಯುಕ್ತಗಳಾಗಿ ರಾಡಿಯ ಜೊತೆ ಹೋಗಿಬಿಡುತ್ತವೆ.

ತಿಳಿ ದ್ರಾವಣದಿಂದ ಅಳಿದುಳಿದ ಸಿಲಿಕಾ ತೆಗೆದು, ಭಟ್ಟಿಯ ಹೊಗೆಯನ್ನೇ ತೊಳೆದು ಅದರೊಳಗೆ ಹಾಯಿಸುತ್ತಾರೆ. ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡಿಗೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಬಿಳಿಯಾಗಿ ತಳಕ್ಕಿಳಿಯುತ್ತದೆ. ಅದನ್ನು ಸುಟ್ಟರೆ ಅಲ್ಯೂಮಿನಾ. ಉಳಿದ ನೀರನ್ನು ಹಂತಹಂತವಾಗಿ ಇಂಗಿಸಿದರೆ ಮೊದಲು ಸೋಡಾ, ಆಮೇಲೆ ಪೊಟ್ಯಾಷ್ ಹರಳುಗಟ್ಟುತ್ತವೆ. ಟನ್ ಅಲ್ಯೂಮಿನಾಕ್ಕೆ ಸೋಡಾ ಮುಕ್ಕಾಲು ಟನ್ನಿಗೆ ಸ್ವಲ್ಪ ಹೆಚ್ಚುಕಡಿಮೆ, ಪೊಟ್ಯಾಷ್ ಕಾಲು ಟನ್ನಿನ ಒಳಗೆ ಹೊರಗೆ. ರಾಡಿಗೆ ಮತ್ತಷ್ಟು ಸುಣ್ಣದ ಕಲ್ಲು ಕೂಡಿಸಿ ಸುಟ್ಟರೆ 9ರಿಂದ 10 ಟನ್ ಸಿಮೆಂಟ್. ರಾಡಿಯಲ್ಲಿರುವ ಸುಣ್ಣ ಒಮ್ಮೆ ಬೆಂದು ಬಂದದ್ದರಿಂದ ಸಿಮೆಂಟ್ ಭಟ್ಟಿಗೆ ಇಂಧನವೂ ಉಳಿಯುತ್ತದೆ. ಎಸೆಯುವಂಥದ್ದು ಏನೂ ಉಳಿಯುವುದಿಲ್ಲ. ನಾಲ್ಕಕ್ಕೂ ಗಿರಾಕಿ ಇರಬೇಕು, ಅಷ್ಟೇ.

ಶಹಾಬಾದಿನ ಓದುಗರು: ಇಷ್ಟು ಚೆಂದದ ಪದ್ಧತಿ ಇದ್ದಮೇಲೆ ಮೂರೂ ಕಾರ್ಖಾನೆ ಒಟ್ಟಿಗೆ ನಿಂತದ್ದು ಯಾಕೆ?

ಪದ್ಧತಿ ಒಂದೇ ಆಗಿ ಉಳಿಯಿತು, ಮಾಲೀಕರು ಮೂರಾದರು. ಸೋವಿಯತ್ ಕಾಲದಲ್ಲಿ ಊರು ಬೆಳೆದದ್ದು ಈ ಸರಪಳಿಯ ಸುತ್ತಲೇ. 1954ರಲ್ಲಿ ಪಟ್ಟಣದ ದರ್ಜೆ ಸಿಕ್ಕಿತು, 1957ರಲ್ಲಿ ಸಿಮೆಂಟ್, 1959ರಲ್ಲಿ ಅಲ್ಯೂಮಿನಾ ಶುರುವಾಯಿತು. 2000ದ ದಶಕದಲ್ಲಿ ಈ ಸಂಕೀರ್ಣ ಹೋಳಾಯಿತು. ಅಲ್ಯೂಮಿನಾ ಭಾಗ ಉದ್ಯಮಿ ಒಲೆಗ್ ದೆರಿಪಾಸ್ಕಾ ಗುಂಪಿನ ಬಜೆಲ್‌ಸಿಮೆಂಟ್ ಕೈಗೆ, ಸಿಮೆಂಟ್ ಭಾಗ ಯೆವ್ರೊಸಿಮೆಂಟ್ ಕೈಗೆ, ಸೋಡಾ-ಪೊಟ್ಯಾಷ್ ಮೆತಾಖಿಮ್ ಕೈಗೆ. ನೆಫೆಲಿನ್ ಕಳಿಸುವ ಕೋಲಾದ ಗಣಿ ರಸಗೊಬ್ಬರ ಕಂಪನಿ ಫೋಸ್‌ಆಗ್ರೊದ್ದು.

ಈಗ ಚೌಕಾಶಿ ನೋಡಿ. ಪಕ್ಕದ ಸಿಮೆಂಟ್ ಕಾರ್ಖಾನೆ ಬಿಟ್ಟರೆ ಒದ್ದೆ ರಾಡಿಗೆ ಬೇರೆ ಗಿರಾಕಿ ಇಲ್ಲ. ಕ್ಷಾರದ ನೀರಿಗೂ ಪೈಪಿನ ಆ ತುದಿಯಲ್ಲಿರುವವನೊಬ್ಬನೇ ಗಿರಾಕಿ. ಬಜಾರಿನಲ್ಲಿ ದರ ಇಲ್ಲದ ಮಾಲಿಗೆ ದರ ಕಟ್ಟುವವರು ಯಾರು? ಎಲ್ಲ ಒಂದೇ ಮನೆಯಾಗಿದ್ದಾಗ ಅಲ್ಯೂಮಿನಾದ ನಷ್ಟವನ್ನು ಸಿಮೆಂಟಿನ ಲಾಭ ತುಂಬುತ್ತಿತ್ತು. ಬೇರೆಯಾದ ಮೇಲೆ ನಷ್ಟ ಒಬ್ಬನ ಪಾಲಿಗೆ, ಲಾಭ ಇನ್ನೊಬ್ಬನ ಪಾಲಿಗೆ. ನೆಫೆಲಿನ್ ದರದ ಜಗಳ ಮುಗಿಯದಿರುವಾಗಲೇ 2008ರ ಆರ್ಥಿಕ ಕುಸಿತವೂ ಬಂತು. ಆ ಶರತ್ಕಾಲದಲ್ಲಿ ಅಲ್ಯೂಮಿನಾ ನಿಂತಿತು. ರಾಡಿ ಇಲ್ಲದೆ ಸಿಮೆಂಟ್, ದ್ರಾವಣ ಇಲ್ಲದೆ ಸೋಡಾ, 2009ರ ಆರಂಭದ ತಿಂಗಳುಗಳಲ್ಲಿ ಅವೂ ನಿಂತವು. ಸುಮಾರು 22 ಸಾವಿರ ಜನರ ಊರಲ್ಲಿ ಈ ಮೂರರ ನೌಕರರೇ ಸುಮಾರು 4,500.

ಯಾದಗಿರಿಯ ಓದುಗರು: ಜನ ರೊಚ್ಚಿಗೆದ್ದದ್ದು ಬಿಸಿನೀರು ನಿಂತಿದ್ದಕ್ಕೆ ಅಂತ ಓದಿದೆ. ಸ್ನಾನದ ನೀರಿಗೆ ಇಷ್ಟು ಗಲಾಟೆಯೇ?

ನಮ್ಮ ಮೇ ತಿಂಗಳಲ್ಲಿ ತೊಟ್ಟಿಯ ನೀರೇ ಕಾದಿರುತ್ತದೆ, ನಿಮಗೆ ಹಾಗನ್ನಿಸುವುದು ಸಹಜ. ಅಲ್ಲಿ ಮನೆಮನೆಗೆ ಗೀಸರ್ ಇರಲಿಲ್ಲ. ಕಾರ್ಖಾನೆಯ ಉಷ್ಣ ವಿದ್ಯುತ್ ಸ್ಥಾವರದ ಶಾಖವೇ ಪೈಪುಗಳಲ್ಲಿ ಇಡೀ ಊರಿಗೆ ಹೋಗುತ್ತಿತ್ತು, ಅದೇ ನಲ್ಲಿಯ ಬಿಸಿನೀರು, ಅದೇ ಚಳಿಗಾಲದಲ್ಲಿ ಕೋಣೆ ಕಾಯಿಸುವುದು. ಸ್ಥಾವರ ಇದ್ದದ್ದು ಬಜೆಲ್‌ಸಿಮೆಂಟ್ ಹೆಸರಲ್ಲಿ. ಕಾರ್ಖಾನೆ ನಿಂತಾಗ ಗ್ಯಾಸಿನ ಬಾಕಿ ಬೆಳೆಯಿತು, ಮೇ ಮಧ್ಯದಲ್ಲಿ ಸ್ಥಾವರವೂ ನಿಂತಿತು. ಬೇಸಿಗೆಯಲ್ಲಿ ಪೈಪ್ ರಿಪೇರಿಗೆಂದು ಕೆಲವು ದಿನ ಬಿಸಿನೀರು ನಿಲ್ಲಿಸುವುದು ರಷ್ಯಾದವರಿಗೆ ಹೊಸದಲ್ಲ. ಈ ಸಲ ಬಾಕಿ ತೀರದಿದ್ದರೆ ಮುಂದಿನ ಚಳಿಗಾಲಕ್ಕೆ ಏನು ಗತಿ ಎಂಬ ಭಯವಿತ್ತು. ಮೇ 20ರಂದು ಜನ ಮೇಯರ್ ಕಚೇರಿಯಲ್ಲಿ ನಡೆಯುತ್ತಿದ್ದ ಸಭೆಗೆ ನುಗ್ಗಿದರು, ಜೂನ್ 2ರಂದು ವೊಲೊಗ್ದಾ ಹೆದ್ದಾರಿ ತಡೆದರು.

ಬೀದರಿನ ಓದುಗರು: ಪುಟಿನ್ ದೆರಿಪಾಸ್ಕಾನಿಂದ ಪೆನ್ನು ವಾಪಸ್ ಕೇಳಿದ್ದು ನಿಜವೇ? ಊರು ಉಳಿಯಿತೇ?

ನಿಜ. ಜೂನ್ 4ರ ಸಭೆ ಟಿವಿಯಲ್ಲೇ ಬಂತು. ನಾನು ಬರುವ ಮುಂಚೆ ಜಿರಳೆಗಳ ಹಾಗೆ ಓಡಾಡಿದಿರಿ ಎಂದು ಅಧಿಕಾರಿಗಳನ್ನೂ ಮಾಲೀಕರನ್ನೂ ಬೈದ ಪುಟಿನ್, ಒಪ್ಪಂದದ ಮೇಲೆ ಪೆನ್ನು ಎಸೆದು ದೆರಿಪಾಸ್ಕಾನನ್ನು ಕರೆದು ಸಹಿ ಹಾಕಿಸಿದರು, ಆಮೇಲೆ ಪೆನ್ನು ಕೊಟ್ಟು ಹೋಗಿ ಅಂದರು. 41 ಮಿಲಿಯನ್ ರೂಬಲ್‌ಗೂ ಹೆಚ್ಚಿನ ಪಗಾರ ಬಾಕಿಯನ್ನು ಅದೇ ದಿನ ಕೊಡಿಸಿದರು. ಪೆನ್ನಿನ ಮಾತಿನ ಗದ್ದಲದಲ್ಲಿ ಜನ ಮರೆಯುವುದು ಆ ಕಾಗದದಲ್ಲಿ ಏನಿತ್ತು ಎಂಬುದನ್ನು. ಅದು ನೆಫೆಲಿನ್ ಪೂರೈಕೆಯ ಕರಾರು, ಮೂರು ಕಾರ್ಖಾನೆ ಕೂಡಿಸುವ ಕರಾರಲ್ಲ. ಅದೇ ವರ್ಷ ಭಟ್ಟಿಗಳು ಮತ್ತೆ ಹೊತ್ತಿದವು. ಮಾಲೀಕರು ಮಾತ್ರ ಆಗ ಮೂವರಾಗಿಯೇ ಉಳಿದರು.

ಎಲ್ಲ ಊರಿಗೂ ಹೀಗೆ ಪ್ರಧಾನಿ ಬರುವುದಿಲ್ಲ. ಬೈಕಲ್ ಸರೋವರದ ದಂಡೆಯ ಬೈಕಲ್‌ಸ್ಕ್‌ನಲ್ಲಿ 1966ರಲ್ಲಿ ಶುರುವಾದ ಕಾಗದತಿರುಳಿನ ಕಾರ್ಖಾನೆ 2013ರಲ್ಲಿ ಮುಚ್ಚಿತು. ನಾರ್ವೆ ಗಡಿಯ ನಿಕೆಲ್ ಎಂಬ ಊರಲ್ಲಿ ಲೋಹ ಕರಗಿಸುವ ಭಟ್ಟಿ 2020ರ ಡಿಸೆಂಬರಿನಲ್ಲಿ ನಿಂತಿತು. ಊರಿನ ಹೆಸರು ಇನ್ನೂ ನಿಕೆಲ್ಲೇ. ಬಟ್ಟೆ ಮಿಲ್ ನಿಂತು ಎಷ್ಟೋ ವರ್ಷವಾದರೂ ಕಲಬುರಗಿಯಲ್ಲಿ ಆಟೊದವನಿಗೆ ‘ಎಂ.ಎಸ್.ಕೆ. ಮಿಲ್’ ಅಂದರೆ ಸಾಕಲ್ಲ, ಹಾಗೆ.