ಕ್ಯಾನ್ಸರ್ ನೋಂದಣಿಗೆ ಸಾಫ್ಟ್‌ವೇರ್ ಒಂದೇ ಸಾಕೇ?

ನಿಮ್ಮ ಜಿಲ್ಲೆಯಲ್ಲಿ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ ಆರಂಭಿಸುವ ಮಾತು ನಡೆದಿದೆ, ಒಳ್ಳೆಯ ಸಾಫ್ಟ್‌ವೇರ್ ತಂದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಇಂಥ ಒಂದು ಘಟಕಕ್ಕಾಗಿ ಆಸ್ಪತ್ರೆಗಳನ್ನು ಸುತ್ತಿ ಮಾಹಿತಿ ಸಂಗ್ರಹಿಸುತ್ತಿದ್ದವನು ನಾನು. ಸಾಫ್ಟ್‌ವೇರ್ ಈ ಕೆಲಸದಲ್ಲಿ ಅತಿ ಸುಲಭದ ಭಾಗ. ಈ ಕೆಲಸಕ್ಕೆಂದೇ ಮಾಡಿದ ಕ್ಯಾನ್‌ರೆಗ್ ಎಂಬ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ. ಇರುವ ಹಣ ಮೊದಲು ರೆಕಾರ್ಡ್ ವಿಭಾಗಗಳಲ್ಲಿ ಕುಳಿತು ಕಡತ ಬಿಚ್ಚುವ ಸಿಬ್ಬಂದಿಯ ಸಂಬಳಕ್ಕೆ ಹೋಗಲಿ.

ಈ ನೋಂದಣಿ ಆಸ್ಪತ್ರೆಗೆ ಬಂದವರ ಎಣಿಕೆಯಲ್ಲ. ಗೊತ್ತುಮಾಡಿದ ಗಡಿಯೊಳಗೆ ವಾಸವಿರುವವರಲ್ಲಿ ಆ ವರ್ಷ ಯಾರಿಗೆ ಹೊಸದಾಗಿ ಕ್ಯಾನ್ಸರ್ ಕಂಡಿತು ಎಂಬ ಲೆಕ್ಕ, ಅವರು ಎಲ್ಲಿ ಚಿಕಿತ್ಸೆ ಪಡೆದರೂ ಸರಿ. ಹಾಗಾಗಿ ವಿಳಾಸ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯ ನೋಂದಣಿ 1982ರಿಂದ ನಡೆಯುತ್ತಿದೆ. ಆ ಊರಿಗೆ ಚಿಕಿತ್ಸೆಗೆಂದು ರಾಯಚೂರಿನಿಂದಲೂ ಅನಂತಪುರದಿಂದಲೂ ಜನ ಬರುತ್ತಾರೆ. ಚೀಟಿ ಮಾಡಿಸುವಾಗ ಎಷ್ಟೋ ಮಂದಿ ಬರೆಸುವುದು ತಾವು ಉಳಿದುಕೊಂಡಿರುವ ನೆಂಟರ ಮನೆಯ ವಿಳಾಸ. ಅದನ್ನು ನಂಬಿದರೆ ನಗರದ ಲೆಕ್ಕ ಉಬ್ಬುತ್ತದೆ, ರಾಯಚೂರಿನದು ಸೊರಗುತ್ತದೆ. ನಮ್ಮಲ್ಲಿ ಕನಿಷ್ಠ ಒಂದು ವರ್ಷ ವಾಸವಿದ್ದವರನ್ನಷ್ಟೇ ಸ್ಥಳೀಯರೆಂದು ಎಣಿಸುತ್ತಾರೆ. ಎಷ್ಟು ಕಾಲದಿಂದ ಇಲ್ಲಿದ್ದೀರಿ ಎಂದು ಚೀಟಿ ಬರೆಯುವ ಗುಮಾಸ್ತರೇ ಕೇಳುವಂತಾದರೆ ಅರ್ಧ ಕೆಲಸ ಮುಗಿಯಿತು. ಇನ್ನು ಹೆಸರಿನ ಗೊಂದಲ: ಒಬ್ಬರೇ ಲಕ್ಷ್ಮಮ್ಮ ಒಂದು ಕಡೆ ಗಂಡನ ಹೆಸರಿನೊಂದಿಗೆ, ಇನ್ನೊಂದು ಕಡೆ ತಂದೆಯ ಹೆಸರಿನೊಂದಿಗೆ, ಅಂದಾಜಿನ ಬೇರೆ ಬೇರೆ ವಯಸ್ಸಿನಲ್ಲಿ ದಾಖಲಾಗಿ ಇಬ್ಬರಾಗುತ್ತಾರೆ.

ಬದುಕಿದ್ದಾಗ ಪಟ್ಟಿಗೆ ಸೇರದೆ ತಪ್ಪಿಹೋದವರನ್ನು ಮರಣದ ದಾಖಲೆಗಳಿಂದ ಹುಡುಕುತ್ತಾರೆ; ಹೆಚ್ಚು ಸೋರಿಕೆ ಇರುವುದು ಅಲ್ಲೇ. ಮನೆಯಲ್ಲೇ ತೀರಿಕೊಂಡವರ ಸಾವಿಗೆ ವೈದ್ಯರು ಕಾರಣ ಬರೆದುಕೊಡುವುದು ಅಪರೂಪ. ಆಸ್ಪತ್ರೆಯಲ್ಲಿ ಬರೆದರೂ ‘ಹೃದಯ ಸ್ತಂಭನ’ ಎಂದು ಕೈತೊಳೆದುಕೊಳ್ಳುತ್ತಾರೆ. ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ? ಬರೀ ಮರಣಪತ್ರದಿಂದ ಗೊತ್ತಾದ ಪ್ರಕರಣಗಳು ಕಡಿಮೆಯಿದ್ದರೆ ನೋಂದಣಿ ಚೆನ್ನಾಗಿದೆ ಎಂದು ಪುಸ್ತಕ ಹೇಳುತ್ತದೆ. ಕಾರಣವನ್ನೇ ಬರೆಯದ ಕಡೆ ಅದು ಕಡಿಮೆ ಇರದೆ ಇನ್ನೇನು! ಬಯಾಪ್ಸಿಯಿಂದ ಖಚಿತವಾದವರ ಪ್ರಮಾಣ ಶೇಕಡಾ ನೂರರ ಹತ್ತಿರ ಬಂದರೂ ನನಗೆ ಅನುಮಾನವೇ: ಸಿಬ್ಬಂದಿ ಪೆಥಾಲಜಿ ಲ್ಯಾಬ್ ಬಿಟ್ಟು ಬೇರೆಲ್ಲೂ ಹೋಗಿಲ್ಲ, ಸ್ಕ್ಯಾನ್‌ನಲ್ಲೇ ಯಕೃತ್ತಿನ ಗಡ್ಡೆ ಕಂಡು ಮನೆಗೆ ಮರಳಿದ ಮುದುಕರು ಪಟ್ಟಿಯಲ್ಲಿಲ್ಲ ಎಂದು ಲೆಕ್ಕ.

ಹಳ್ಳಿಗಳಿಗೆ ದಾರಿ ತೋರಿಸಿದ್ದು ಸೊಲ್ಲಾಪುರ ಜಿಲ್ಲೆಯ ಬಾರ್ಶಿ. 1987ರಲ್ಲಿ ಅಲ್ಲಿ ಆರಂಭವಾದದ್ದು ದೇಶದ ಮೊದಲ ಗ್ರಾಮೀಣ ನೋಂದಣಿ. ವರದಿ ತಾನಾಗಿ ಬರಲೆಂದು ಅವರು ಕಾಯಲಿಲ್ಲ; ಊರೂರಿಗೆ ಹೋಗಿ ಜನರೊಂದಿಗೆ ಕುಳಿತು ಕ್ಯಾನ್ಸರಿನ ಲಕ್ಷಣಗಳನ್ನು ವಿವರಿಸಿದರು, ಅನುಮಾನವಿದ್ದವರನ್ನು ಆಸ್ಪತ್ರೆಗೆ ಕಳುಹಿಸಿದರು. ನಿಮ್ಮಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, ಆದರೆ ಈ ಹೊರೆಗೆ ಅವರಿಗೆ ಪ್ರತ್ಯೇಕ ಗೌರವಧನ ಕೊಡಿ. ಪುಕ್ಕಟೆ ಕೆಲಸದ ಪಟ್ಟಿ ಅವರಿಗೆ ಈಗಾಗಲೇ ಉದ್ದವಿದೆ.

ಖಾಸಗಿ ಆಸ್ಪತ್ರೆಗಳಿಗೆ ಸುತ್ತೋಲೆ ಕಳುಹಿಸಬಹುದು, ಉತ್ತರ ಬರುವುದು ಮಾತ್ರ ಖುದ್ದಾಗಿ ಹೋಗಿ ಕೇಳಿದಾಗಲೇ. ಇಡೀ ಜಿಲ್ಲೆಯನ್ನು ಒಮ್ಮೆಲೇ ಹಿಡಿಯಲು ಹೋಗಬೇಡಿ. ಎರಡು ತಾಲ್ಲೂಕು ಸಾಕು. ಅಲ್ಲಿಂದ ರೋಗಿಗಳು ಹೋಗುವ ಹೊರಜಿಲ್ಲೆಯ ಆಸ್ಪತ್ರೆಗಳನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.